ಕೋಟೆಯ ಉಗ್ರಾಣದಲ್ಲಿ ನಲವತ್ತೊಂದು ನೆರಳು

ನಾನು ಕೋಟೆಯ ಉಗ್ರಾಣಕ್ಕೆ ಗುಮಾಸ್ತನಾಗಿ ಬಂದ ದಿನ ಹಳೆಯ ಗುಮಾಸ್ತ ಕಲ್ಲಪ್ಪನವರು ಬೀಗದ ಕೈಗೊಂಚಲು, ಎರಡು ತಕ್ಕಡಿ, ಹನ್ನೊಂದು ದಫ್ತರು, ಒಂದು ಮುದಿ ಬೆಕ್ಕು ಮತ್ತು ನಲವತ್ತೊಂದು ನೆರಳುಗಳನ್ನು ಒಪ್ಪಿಸಿ ನನ್ನಿಂದ ಸಹಿ ಹಾಕಿಸಿಕೊಂಡರು. ನೆರಳುಗಳ ಪಟ್ಟಿ ಬೇರೆ ಕಾಗದದಲ್ಲಿತ್ತು. "ಎಣಿಸಿ ನೋಡಿ ತಗೋರಿ ಫಕೀರಪ್ಪ. ಆಮ್ಯಾಲೆ ಒಂದು ಕಡಿಮಿ ಬಿತ್ತು ಅಂತ ನನ್ನ ಹೆಸರು ಹೇಳಬ್ಯಾಡ್ರಿ" ಎಂದರು. ಎಣಿಸಲು ಹೋದೆ. ಒಂದರ ಮೇಲೊಂದು ಬಿದ್ದುಕೊಂಡಿದ್ದವನ್ನು ಎಣಿಸುವುದು ಹೇಗೆ? ಮಟಮಟ ಮಧ್ಯಾಹ್ನದಲ್ಲೂ ಒಳಗೆ ಕಂದೀಲು ಹಿಡಿಯಬೇಕಾಗಿತ್ತು. ಕೊನೆಗೆ "ನಲವತ್ತೊಂದು ಸರಿ ಇವೆ" ಎಂದು ಬರೆದುಕೊಟ್ಟೆ. ಸರ್ಕಾರಿ ನೌಕರಿಯಲ್ಲಿ ನಾನು ಬರೆದ ಮೊದಲನೆಯ ಸುಳ್ಳು ಅದು. ಎರಡನೆಯದನ್ನು ಬರೆಯಲಿಲ್ಲ, ಆ ಕಥೆಯನ್ನೇ ಈಗ ಹೇಳಹೊರಟಿದ್ದೇನೆ.

ಆ ಊರಿನಲ್ಲಿ ಯಾರು ಯಾರಿಗೆ ಉದ್ರಿ ಕೊಟ್ಟರೂ, ಕೊಟ್ಟವರ ನೆರಳು ತೆಗೆದುಕೊಂಡವರ ಮನೆಗೆ ಹೋಗಿ ಬೀಳುತ್ತಿತ್ತು. ಬಾಕಿ ತೀರಿದ ಗಳಿಗೆಗೆ ಎದ್ದು ಒಡೆಯರ ಕಾಲಿಗೆ ಮರಳುತ್ತಿತ್ತು. ಮನುಷ್ಯನಿಗೆ ನೆರಳು ಒಂದೇ ಆದ್ದರಿಂದ ಉದ್ರಿಯೂ ಒಂದೇ; ಹೋದದ್ದು ವಾಪಸು ಬರುವ ತನಕ ಇನ್ನೊಂದು ಚಿಟಿಕೆ ಉಪ್ಪನ್ನೂ ಸಾಲವಾಗಿ ಕೊಡುವಂತಿರಲಿಲ್ಲ. ಸಂತೆಯಲ್ಲಿ ಜನ ಮೊದಲು ಅಂಗಡಿಯವನ ಕಾಲ ಬುಡ ನೋಡಿ ಆಮೇಲೆ ಮುಖ ನೋಡುತ್ತಿದ್ದರು. ಹೆಣ್ಣು ಕೊಡುವವರು ಗಂಡಿನ ಮನೆಗೆ ಬಿಸಿಲು ಏರಿದ ಮೇಲೆಯೇ ಹೋಗುತ್ತಿದ್ದರು. ನಡುಮನೆಯಲ್ಲಿ ಪರರ ನೆರಳು ಎಷ್ಟು ಬಿದ್ದಿವೆ ಎಂದು ಕಾಣಬೇಕಲ್ಲ! ಉಟ್ಟ ಬಟ್ಟೆ ದೇಹದ ಲೆಕ್ಕಕ್ಕೇ ಸೇರುತ್ತಿತ್ತು, ಕೈಯಲ್ಲಿ ಹಿಡಿದದ್ದು ಸೇರುತ್ತಿರಲಿಲ್ಲ. ಹಾಗಾಗಿ ಕೊಡೆಯ ನೆರಳೊಂದೇ ಬೀದಿಯಲ್ಲಿ ಉರುಳುತ್ತಾ ಹೋದರೆ, ಯಾರೋ ಪಾಪದವರು ಉದ್ರಿ ಕೊಟ್ಟು ಕೂತಿದ್ದಾರೆ ಎಂದು ಎಲ್ಲರಿಗೂ ತಿಳಿಯುತ್ತಿತ್ತು.

ಉದ್ರಿ ಕೊಟ್ಟವರಲ್ಲಿ ಮುಕ್ಕಾಲು ಪಾಲು ಜನ ಕೊಟ್ಟದ್ದು ನಮ್ಮ ಸೈನ್ಯಕ್ಕೆ. ರಾಜರು ಹೋಗಿ ಹೊಸ ಸರ್ಕಾರ ಬಂದು ಆರು ವರ್ಷವಾಗಿತ್ತು. ಸರ್ಕಾರ ಹೊಸದು, ಸೈನ್ಯ ಅದಕ್ಕಿಂತ ಹೊಸದು. ರೊಟ್ಟಿ, ಕಂಬಳಿ, ಬೂಟು, ಎಲ್ಲವನ್ನೂ ಊರವರಿಗೆ ಗುತ್ತಿಗೆ ಕೊಟ್ಟಿದ್ದರು. ಹಣ ಮಾತ್ರ ರಾಜಧಾನಿಯ ಸರಬರಾಜು ಕಚೇರಿಯಿಂದ ಬರಬೇಕು. ಆ ಕಚೇರಿಗೆ ರಸೀದಿಯ ಮೂರು ಪ್ರತಿ ಕಳಿಸಿದರೆ ನಾಲ್ಕನೆಯದೆಲ್ಲಿ ಎಂದು ಪತ್ರ ಬರುತ್ತಿತ್ತು; ನಾಲ್ಕು ಕಳಿಸಿದರೆ ಯಾರನ್ನು ಕೇಳಿ ಒಂದು ಹೆಚ್ಚಿಗೆ ಕಳಿಸಿದಿರಿ ಎಂದು ಬರುತ್ತಿತ್ತು. ಸಾಮಾನು ಕೇಳಿದರೂ ಅದೇ ಪಾಡು. ಮಳೆಗಾಲಕ್ಕೆ ತಲೆಯ ಮೇಲೆ ಹೊದೆಯುವ ಗೊಂಗಡಿ ಕೇಳಿದ್ದಕ್ಕೆ ಎಂಟು ನೂರು ಕುದುರೆ ಲಾಳ ಬಂದವು. ನಮ್ಮ ಕೋಟೆಯಲ್ಲಿ ಇದ್ದ ಕುದುರೆ ಮೂರು, ಅದರಲ್ಲೊಂದು ಕುಂಟು. ಸಂಬಳದ ಕಚೇರಿ ಮಾತ್ರ ಬೇರೆ ಇತ್ತು. ಅಲ್ಲಿ ಒಂದು ದಿನವೂ ತಡವಾಗುತ್ತಿರಲಿಲ್ಲ, ಏಕೆಂದರೆ ರಾಜಧಾನಿಯ ಅಧಿಕಾರಿಗಳ ಸಂಬಳವೂ ಅಲ್ಲಿಂದಲೇ ಬಟವಾಡೆಯಾಗುತ್ತಿತ್ತು.

ರೊಟ್ಟಿ ಗುತ್ತಿಗೆಯ ಮೌಲಾಸಾಬರದು ದೊಡ್ಡ ಸಂಸಾರ. ಮೊದಲ ತಿಂಗಳ ರೊಟ್ಟಿಗೆ ಅವರ ನೆರಳು ಉಗ್ರಾಣಕ್ಕೆ ಬಂತು. ಹಣ ಬರಲಿಲ್ಲ. ಎರಡನೆಯ ತಿಂಗಳು ತಮ್ಮನ ಹೆಸರಿನಲ್ಲಿ ರೊಟ್ಟಿ ಕೊಟ್ಟರು, ಮೂರನೆಯ ತಿಂಗಳು ಹೆಂಡತಿಯ ಹೆಸರಿನಲ್ಲಿ, ಆಮೇಲೆ ಮೂವರು ಗಂಡುಮಕ್ಕಳು, ಇಬ್ಬರು ಸೊಸೆಯರು. ನಾನು ಬಂದಾಗ ಮನೆಯಲ್ಲಿ ನೆರಳಿದ್ದವರೆಂದರೆ ಅವರ ಅತ್ತೆಯೊಬ್ಬರೇ. "ಆಕಿ ಒಪ್ಪವಲ್ಲಳ್ರಿ ಸಾಹೇಬ್ರ" ಎಂದು ಮೌಲಾಸಾಬರು ದಿನಾ ಬಂದು ನನ್ನ ಮುಂದೆ ಕೂತು ಅಳಲು ತೋಡಿಕೊಳ್ಳುತ್ತಿದ್ದರು. "ಅಳಿಯಗ ಬೇಕಾದ್ರ ಕೊಡ್ತೀನಿ, ಸರ್ಕಾರಕ್ಕ ಕೊಡಂಗಿಲ್ಲ ಅಂತಾಳ."

ಹೀಗೆ ಸಂಸಾರ ಸಂಸಾರವಾಗಿ ಬಿದ್ದಿದ್ದ ನೆರಳುಗಳ ನಡುವೆ ಒಂದು ಮಾತ್ರ ಒಂಟಿಯಾಗಿ ನನ್ನ ಮೇಜಿನ ಪಕ್ಕ, ಕಿಟಕಿಯ ಕೆಳಗೆ ಇತ್ತು. ಅದು ತಾಯವ್ವನದು. ಕೋಟೆಯ ಕೆಳಗಿನ ಬೀದಿಯಲ್ಲಿ ಬೂಟು ಹೊಲಿಯುವ ಹೆಂಗಸು. ಗಂಡ ತೀರಿಹೋಗಿ ಹತ್ತು ವರ್ಷ, ಮಕ್ಕಳಿಲ್ಲ, ನೆರಳಿಗೆ ನೆರಳು ಸೇರಿಸಲು ಮನೆಯಲ್ಲಿ ಇನ್ನೊಬ್ಬರಿಲ್ಲ. ನಾನು ಬರುವ ಮುಂಚೆಯೇ ಮುನ್ನೂರು ಜೊತೆ ಬೂಟು ಕೊಟ್ಟು ಸುಮ್ಮನೆ ಕೂತಿದ್ದಳು. ಒಂದು ದಿನವೂ ಹಣ ಕೇಳಲು ಕೋಟೆಯ ಮೆಟ್ಟಿಲು ಹತ್ತಿದವಳಲ್ಲ.

ಉದ್ರಿಗೆ ಬಂದ ನೆರಳು ತೆಪ್ಪಗಿರುವುದಿಲ್ಲ. ಒಡೆಯರು ಎಲ್ಲಿದ್ದು ಏನು ಮಾಡುತ್ತಾರೋ ಅದನ್ನೇ ತಾನೂ ಮಾಡುತ್ತಿರುತ್ತದೆ. ನಾನು ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ತಾಯವ್ವನ ನೆರಳು ಚರ್ಮ ಬಡಿಯಲು ಶುರುಮಾಡಿರುತ್ತಿತ್ತು. ಸುತ್ತಿಗೆ ಕಾಣದ ಬರಿಗೈ ಸದ್ದಿಲ್ಲದೆ ಮೇಲೇಳುವುದು, ಇಳಿಯುವುದು. ದಬ್ಬಳದಲ್ಲಿ ದಾರ ಪೋಣಿಸುವಾಗ ತಲೆ ಒಂದು ಕಡೆ ವಾಲುತ್ತಿತ್ತು. ಮಧ್ಯಾಹ್ನ ಅದು ಕೈ ತೊಳೆದು ರೊಟ್ಟಿ ಮುರಿಯುವುದನ್ನು ಕಂಡು ನಾನೂ ಬುತ್ತಿ ಬಿಚ್ಚುತ್ತಿದ್ದೆ. ಒಂದು ದಿನ ಬಹಳ ಹೊತ್ತು ಕಣ್ಣು ಒರೆಸಿಕೊಳ್ಳುತ್ತಿತ್ತು. ನನಗೆ ಅನ್ನ ಸೇರಲಿಲ್ಲ. ಸಂಜೆ ಏನೋ ನೆವ ಹೂಡಿ ಆ ಬೀದಿಯಲ್ಲಿ ಹಾದುಹೋದೆ. ಆಕೆಯ ಅಂಗಡಿಯ ಮುಂದೆ ಉಳ್ಳಾಗಡ್ಡಿ ಸಿಪ್ಪೆಯ ಗುಡ್ಡೆ ಬಿದ್ದಿತ್ತು. ಪಕ್ಕದ ಮನೆಯ ಮದುವೆಗೆ ಹೆಚ್ಚಿಕೊಟ್ಟಿದ್ದಳಂತೆ.

ಅವಳಿಗೆ ಬರಬೇಕಾದ ಹಣಕ್ಕೂ ನನಗೂ ನಂಟು ಬಿದ್ದದ್ದು ಹೀಗೆ. ನಾನು ಬಂದ ಎರಡನೆಯ ತಿಂಗಳಲ್ಲಿ ನಲವತ್ತೆರಡು ಸಿಪಾಯಿಗಳ ಅವಧಿ ಮುಗಿಯಿತು. ಊರಿಗೆ ಹೋಗುವವರು ಬೂಟನ್ನು ಉಗ್ರಾಣಕ್ಕೆ ಒಪ್ಪಿಸಿ ಹೋಗಬೇಕೆಂದು ನಿಯಮ. ಸಾಲಾಗಿ ನಿಂತು ಬೂಟು ಬಿಚ್ಚಿ ನನ್ನ ಮೇಜಿನ ಮುಂದೆ ಇಟ್ಟರು. ಅವರ ಹಳ್ಳಿಗಳಿಗೆ ಎಂಟು ದಿನದ ಹಾದಿ, ಅಷ್ಟೂ ಚೂಪು ಕಲ್ಲು. ಒಬ್ಬನಂತೂ ಬಿಚ್ಚಿದ ಬೂಟಿನ ಧೂಳು ಒರೆಸಿ, ಜೊತೆ ಸರಿಮಾಡಿ ಇಟ್ಟು, ಬರಿಗಾಲಲ್ಲಿ ಅಂಗಳದ ಬಿಸಿ ಕಲ್ಲಿನ ಮೇಲೆ ಹೆಜ್ಜೆ ಬದಲಿಸುತ್ತಾ ನಿಂತಿದ್ದ. "ಹಾಕ್ಕೊಂಡು ಹೋಗ್ರಪಾ, ಆಮ್ಯಾಲೆ ಬರಕೋತೀನಿ" ಎಂದುಬಿಟ್ಟೆ. ಅವರು ಹೋದ ಮೇಲೆ ದಫ್ತರು ತೆಗೆದೆ. ಇದ್ದವು, ಕೊಟ್ಟವು, ಮರಳಿದವು, ಸವೆದವು, ಶತ್ರು ಒಯ್ದವು ಎಂದು ಐದು ಕಲಮು ಇದ್ದವು. ಇವಕ್ಕೆ ಹೊಂದುವುದು ಒಂದೂ ಇರಲಿಲ್ಲ. ನಾಳೆ ನೋಡೋಣ ಎಂದು ದಫ್ತರು ಮುಚ್ಚಿದೆ. ಆ ನಾಳೆ ಬರಲು ಏಳು ತಿಂಗಳು ಹಿಡಿಯಿತು.

ಮಳೆ ಹಿಂದೆಗೆದ ಮೇಲೆ ಕಣಿವೆಯ ದಾರಿ ತೆರೆಯಿತು. ಕಣಿವೆಯ ಕಾವಲಿನಲ್ಲಿ ನೂರ ಎಂಬತ್ತು ಜನ ಮಳೆಗಾಲ ಪೂರ್ತಿ ಸಿಕ್ಕಿಕೊಂಡಿದ್ದರು. ಧಾನ್ಯ ಮುಗಿಯುತ್ತ ಬಂದಿದೆ, ಜ್ವರ ಹಬ್ಬಿದೆ, ಬೇಗ ಬದಲಿ ತುಕಡಿ ಕಳಿಸಿ ಎಂದು ಅಲ್ಲಿಂದ ಚೀಟಿ ಬಂತು. ಕೋಟೆಯ ಮುಖ್ಯಸ್ಥರಾದ ಕಿಲ್ಲೇದಾರ ರುದ್ರಗೌಡರು ಇನ್ನೂರು ಜನರನ್ನು ಸಿದ್ಧಮಾಡಿದರು. ಕವಾಯತಿಗೆ ನಿಲ್ಲಿಸಿ ನೋಡಿದರೆ ಬೂಟಿನ ಅಟ್ಟೆ ಸವೆದು ಅರ್ಧ ಜನರ ಬೆರಳು ಹೊರಗೆ ಇಣುಕುತ್ತಿದ್ದವು. ಉಗ್ರಾಣದಲ್ಲಿ ಉಳಿದಿದ್ದ ಇಪ್ಪತ್ತೆಂಟು ಜೊತೆ ಯಾರ ಕಾಲಿಗೂ ನಿಲ್ಲುತ್ತಿರಲಿಲ್ಲ; ಆ ಅಳತೆಯನ್ನು ರಾಜಧಾನಿಯವರೇ ಕಳಿಸಿದ್ದರು.

ರುದ್ರಗೌಡರು ದೊಡ್ಡ ಮೀಸೆಯ, ದೊಡ್ಡ ದನಿಯ ಮನುಷ್ಯ. ತಮ್ಮ ತುರಾಯಿ ಪೇಟದ ನೆರಳು ಗೋಡೆಯ ಮೇಲೆ ಬೀಳುವಂತೆ ನಿಂತು ಮಾತಾಡುವುದು ಅವರ ರೂಢಿ. ನನ್ನನ್ನು ಕರೆದುಕೊಂಡು ತಾಯವ್ವನ ಅಂಗಡಿಗೆ ಹೋದರು.

"ತಾಯವ್ವ, ಎರಡು ವಾರದಾಗ ಇನ್ನೂರು ಜೋಡು ಬೇಕು."

ತಾಯವ್ವ ದಾರದ ತುದಿಯನ್ನು ಹಲ್ಲಿನಲ್ಲಿ ಕಡಿದು, ಮೇಲೆ ನೋಡಿದಳು. "ರೊಕ್ಕ ತಂದೀರೇನ್ರಿ ಗೌಡ್ರ?"

"ಬರತೈತಿ. ಸರ್ಕಾರದ ರೊಕ್ಕ ಎಲ್ಲಿ ಹೋಕ್ಕೈತಿ?"

"ಅದು ಎಲ್ಲೂ ಹೋಗಂಗಿಲ್ರಿ, ಅದಕ್ಕ ನನ್ನ ಕಡೆನೂ ಬಂದಿಲ್ಲ." ಆಕೆ ಎದ್ದು ಬಿಸಿಲಿಗೆ ಬಂದು ನಿಂತಳು. ಕಾಲ ಬುಡದಲ್ಲಿ ಬರೀ ನೆಲ. "ಇದ್ದದ್ದೊಂದ ನೆರಳು. ನಿಮ್ಮ ಉಗ್ರಾಣದಾಗ ಐತಿ. ಇನ್ನೊಂದು ಎಲ್ಲಿಂದ ತರಲಿ? ಕೊಡಾಕ ಮನಸೈತ್ರಿ, ಆದ್ರ ಕೊಡಾಕ ಬರಂಗಿಲ್ಲ. ಚರ್ಮದವರೂ ನನ್ನ ಕಾಲು ನೋಡಿ ಬಾಗಲಾ ಹಾಕ್ಕೋತಾರ."

ಗೌಡರು ನನ್ನ ಕಡೆ ನೋಡಿದರು. ನಾನು ನನ್ನ ಕಾಲ ಬುಡ ನೋಡಿಕೊಂಡೆ. ನನ್ನ ನೆರಳು ಅಲ್ಲಿಯೇ ಇತ್ತು. ಒಂಬತ್ತು ರೂಪಾಯಿ ಸಂಬಳದವನ ಹತ್ತಿರ ಯಾರೂ ಉದ್ರಿ ಕೇಳುವುದಿಲ್ಲ.

ಈ ಸಲ ಗೌಡರು ರಾಜಧಾನಿಗೆ ಪತ್ರ ಬರೆಯಲಿಲ್ಲ. ತಮ್ಮ ಸೋದರಮಾವನಿಗೆ ಬರೆದರು. ಅವರು ಯಾವುದೋ ದೊಡ್ಡ ಹುದ್ದೆಯಲ್ಲಿದ್ದರು. ಆರನೆಯ ದಿನ ಕೋಟೆಯ ಅಂಗಳಕ್ಕೆ ಎರಡೆತ್ತಿನ ಗಾಡಿ ಬಂತು. ಅದರಿಂದ ಒಂದು ಕಬ್ಬಿಣದ ಪೆಟ್ಟಿಗೆ, ಅದರ ಹಿಂದೆ ಲೆಕ್ಕ ತನಿಖೆಯ ನರಹರಿರಾಯರು ಇಳಿದರು. ತೆಳ್ಳಗೆ, ನೀಟಾಗಿ, ಕೊಡೆ ಹಿಡಿದುಕೊಂಡು. ಮೂವತ್ತು ವರ್ಷದ ಸೇವೆಯಲ್ಲಿ ಒಂದು ಗುಂಡಿಯನ್ನೂ ಲೆಕ್ಕದಿಂದ ಬಿಟ್ಟವರಲ್ಲ ಎಂದು ತಾವೇ ಹೇಳಿಕೊಂಡರು.

ಉಗ್ರಾಣದೊಳಗೆ ಕಾಲಿಟ್ಟವರು ತಡೆದು ನಿಂತರು. "ಇಷ್ಟು ಕತ್ತಲೆ ಏಕೆ ಇಲ್ಲಿ?"

"ಗುತ್ತಿಗೆದಾರರ ನೆರಳು ಸ್ವಾಮಿ. ಬಾಕಿ ಇದೆಯಲ್ಲ."

"ಅದೆಲ್ಲ ನನ್ನ ತನಿಖೆಗೆ ಸಂಬಂಧವಿಲ್ಲ" ಎಂದು ಕಂದೀಲು ತರಿಸಿದರು. "ದಫ್ತರು ತನ್ನಿ. ಸಾಮಾನು ಸರಿಯಿದ್ದವರಿಗೆ ಹಣ, ಇಲ್ಲದವರಿಗೆ ಇಲ್ಲ."

ಮೂರು ದಿನ ಎಣಿಸಿದರು. ಕಂಬಳಿಯನ್ನು ಬಿಚ್ಚಿ ಬಿಚ್ಚಿ ಎಣಿಸಿದರು. ರೊಟ್ಟಿಯನ್ನು ಎಣಿಸುವಂತಿರಲಿಲ್ಲವಾಗಿ, ತಿಂದ ಸಿಪಾಯಿಗಳನ್ನು ಎಣಿಸಿದರು. ಮೂರನೆಯ ದಿನ ಮಧ್ಯಾಹ್ನ ಬೂಟಿನ ಲೆಕ್ಕಕ್ಕೆ ಬಂದರು.

"ಮುನ್ನೂರು ಜೊತೆ ಬಂದಿವೆ ಎಂದು ರಸೀದಿ. ಸಿಪಾಯಿಗಳ ಕಾಲಲ್ಲಿ ಇನ್ನೂರ ಮೂವತ್ತು, ಇಲ್ಲಿ ಇಪ್ಪತ್ತೆಂಟು. ಉಳಿದ ನಲವತ್ತೆರಡು ಎಲ್ಲಿ, ಗುಮಾಸ್ತರೇ?"

ಗೌಡರು ಕೆಮ್ಮಿ, ನನ್ನನ್ನು ತೋಳು ಹಿಡಿದು ಮೂಲೆಗೆ ಎಳೆದರು. ನಡೆದದ್ದೆಲ್ಲ ಅವರಿಗೆ ಗೊತ್ತಿತ್ತು. "ಫಕೀರಪ್ಪ, ಶಾಣ್ಯಾ ಆಗು. ಆಕಿ ಕೊಟ್ಟದ್ದ ಇನ್ನೂರಾ ಐವತ್ತೆಂಟು ಅನ್ನು. ರಸೀದಿ ಬರದಾಂವ ಕಲ್ಲಪ್ಪ, ಅಂವಾ ನೌಕರಿ ಬಿಟ್ಟು ಹೋಗ್ಯಾನ. ಆಕಿಗೆ ಓದಾಕ ಬರಂಗಿಲ್ಲ. ನಿನ್ನ ನೌಕರಿ ಉಳೀತೈತಿ, ನನಗ ಬೂಟು ಸಿಗತಾವ."

ಅವರು ಕೆಟ್ಟವರೇನಲ್ಲ. ಕಣಿವೆಯಲ್ಲಿ ಜನ ಜ್ವರದಲ್ಲಿ ಬಿದ್ದಿದ್ದರು, ಅವರಿಗೆ ಅದೊಂದೇ ಚಿಂತೆ. ನನಗೂ ಭಯವಾಗಿತ್ತು. ನನ್ನ ಮೇಜಿನ ಕಡೆ ತಿರುಗಿ ನೋಡಿದೆ. ತಾಯವ್ವನ ನೆರಳು ಕೈ ತೊಳೆದು ಊಟಕ್ಕೆ ಕೂತಿತ್ತು. ಒಂದು ರೊಟ್ಟಿಯನ್ನು ಎರಡು ಮಾಡಿ, ಅರ್ಧ ತಿಂದು, ಉಳಿದರ್ಧವನ್ನು ಮಡಚಿ ಪಕ್ಕಕ್ಕೆ ಇಟ್ಟುಕೊಂಡಿತು. ಸಂಜೆಗೆ ಬೇಕಲ್ಲ. ನಾನು ಬಂದಾಗ ಆಕೆ ಹೊತ್ತಿಗೆ ಎರಡು ರೊಟ್ಟಿ ತಿನ್ನುತ್ತಿದ್ದಳೆಂಬುದು ಈ ಪ್ರಪಂಚದಲ್ಲಿ ನನ್ನೊಬ್ಬನಿಗೇ ಗೊತ್ತಿದ್ದ ಸಂಗತಿ.

"ಮುನ್ನೂರು ಬಂದದ್ದು ನಿಜ ಸ್ವಾಮಿ" ಎಂದೆ. "ನಲವತ್ತೆರಡನ್ನು ನಾನೇ ಊರಿಗೆ ಹೋಗುವ ಸಿಪಾಯಿಗಳಿಗೆ ಕೊಟ್ಟೆ. ಬರಿಗಾಲಲ್ಲಿ ಕಳಿಸಲು ಮನಸ್ಸಾಗಲಿಲ್ಲ. ದಫ್ತರಿನಲ್ಲಿ ಅದಕ್ಕೆ ಕಲಮಿರಲಿಲ್ಲ."

ರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹಾಗಾದರೆ ಗುತ್ತಿಗೆದಾರಳಿಗೆ ಪೂರ್ತಿ ಹಣ ಸಲ್ಲಬೇಕು. ನಷ್ಟ ನಿಮ್ಮದು."

"ನನ್ನದೇ ಸ್ವಾಮಿ."

ಗೌಡರು ಹಣೆ ಚಚ್ಚಿಕೊಂಡರು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಪೆಟ್ಟಿಗೆ ತೆರೆದರು. ಗುತ್ತಿಗೆದಾರರೆಲ್ಲ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರು ಹೆಬ್ಬೆಟ್ಟು ಒತ್ತಿ ಹಣ ಎಣಿಸಿಕೊಂಡಂತೆ ಉಗ್ರಾಣದ ಬಾಗಿಲಿನಿಂದ ಒಂದೊಂದು ನೆರಳು ಹೊಸ್ತಿಲು ದಾಟಿ ಸರಿದು ಬರುತ್ತಿತ್ತು. ಮೌಲಾಸಾಬರ ಮನೆಯವು ಎಂಟೂ ಒಟ್ಟಿಗೆ ಬಂದು, ಯಾವುದು ಯಾರದೆಂದು ತಿಳಿಯದೆ ಸ್ವಲ್ಪ ಹೊತ್ತು ಗಲಿಬಿಲಿಯಾಯಿತು. ಚಿಕ್ಕ ಸೊಸೆಯ ಕಾಲಿಗೆ ಮಾವನ ಗಡ್ಡದ ನೆರಳು ಅಂಟಿಕೊಂಡಿತೆಂದು ನಕ್ಕರು. ತಾಯವ್ವ ಎಲ್ಲರಿಗಿಂತ ಕೊನೆಗೆ ಬಂದಳು. ಹಣವನ್ನು ಸೆರಗಿಗೆ ಕಟ್ಟಿಕೊಂಡು, ತನ್ನ ನೆರಳು ಬಂದು ಕಾಲು ಮುಟ್ಟಿದಾಗ, ಬಿಸಿಲಿನಿಂದ ಮನೆಯೊಳಗೆ ಹೋದವರಂತೆ ಒಂದು ಸಲ ಉಸ್ಸೆಂದಳು. ನನ್ನ ಕಡೆ ನೋಡಲಿಲ್ಲ. ನರಹರಿರಾಯರೂ ಏನನ್ನೂ ನೋಡಲಿಲ್ಲ; ತಲೆ ತಗ್ಗಿಸಿ ಮೊತ್ತ ಕೂಡಿಸುತ್ತಿದ್ದರು.

ಜನ ಚದುರಿದ ಮೇಲೆ ನನ್ನ ಕಾಗದ ಸಿದ್ಧವಾಯಿತು. ನಲವತ್ತೆರಡು ಜೊತೆಗೆ ಒಂದೂವರೆ ರೂಪಾಯಿಯಂತೆ ಅರವತ್ಮೂರು ರೂಪಾಯಿ, ತಿಂಗಳಿಗೆ ಮೂರರಂತೆ ಇಪ್ಪತ್ತೊಂದು ತಿಂಗಳು ಸಂಬಳದಲ್ಲಿ ಮುರಿದುಕೊಳ್ಳತಕ್ಕದ್ದು. ರಾಯರು ಸಹಿ ಹಾಕಿ, ಮರಳು ಉದುರಿಸಿ, ಕೊಡೆ ಬಿಚ್ಚಿ ಅಂಗಳಕ್ಕಿಳಿದರು. ನಾಲ್ಕು ಹೆಜ್ಜೆ ಹೋಗಿರಬೇಕು.

"ರಾಯರ" ಎಂದರು ಗೌಡರು, ಬಹಳ ಮೃದುವಾಗಿ. "ಕೊಡೀದಷ್ಟ ಕಾಣಾಕತ್ತೈತಲ್ಲ."

ರಾಯರು ಕೆಳಗೆ ನೋಡಿದರು. ದುಂಡಗೆ ಕೊಡೆಯ ನೆರಳು. ಕೊಡೆಯನ್ನು ಪಕ್ಕಕ್ಕೆ ಹಿಡಿದರು, ಅದೂ ಪಕ್ಕಕ್ಕೆ ಹೋಯಿತು. ಒಂದು ಕಾಲೆತ್ತಿದರು. ಇನ್ನೊಂದು ಕಾಲೆತ್ತಿದರು. "ಇದು ಈ ಊರಿನ ಬಿಸಿಲಿನ ದೋಷ" ಎಂದರು. ಆದರೂ ಸಂಜೆಯ ತನಕ ಕೋಟೆಯ ನಾಲ್ಕೂ ಮೂಲೆಯಲ್ಲಿ ನಿಂತು ನಿಂತು ನೋಡಿಕೊಂಡರು.

ಮರುದಿನ ಅವರನ್ನು ನನ್ನ ಮನೆಗೆ ಕರೆದೊಯ್ದೆ. ಅವರ ನೆರಳು ಅಡುಗೆಮನೆಯ ನೆಲದ ಮೇಲೆ, ನೀರಿನ ಹಂಡೆಯ ಪಕ್ಕದಲ್ಲಿ, ತೋರುಬೆರಳು ಎತ್ತಿ ಯಾರಿಗೋ ನಿಯಮ ಹೇಳುತ್ತಿತ್ತು. ರಾಯರು ಬೆರಳು ಇಳಿಸಿದರು. ಅದೂ ಇಳಿಸಿತು.

"ಸಾಲ ಕೊಟ್ಟದ್ದು ಸರ್ಕಾರ! ನನ್ನದೇಕೆ ಬರಬೇಕು?"

"ಸಹಿ ತಮ್ಮದಲ್ಲವೇ ಸ್ವಾಮಿ? ಈ ಊರಿನ ನೆಲಕ್ಕೆ ಸರ್ಕಾರ ಯಾರೆಂದು ಗೊತ್ತಿದ್ದಂತಿಲ್ಲ."

ಅವರು ಹಂಡೆಯ ಕಟ್ಟೆಯ ಮೇಲೆ ಕುಸಿದು ಕೂತರು. ಮುಂದಿನ ತಿಂಗಳು ಮಗಳ ಮದುವೆಯಂತೆ. "ಧಾರೆ ಎರೆಯುವಾಗ ಬೀಗರು ನನ್ನ ಕಾಲ ಕೆಳಗೆ ನೋಡಿದರೆ ಏನೆಂದುಕೊಳ್ಳುತ್ತಾರೆ? ಇಪ್ಪತ್ತೊಂದು ತಿಂಗಳು!" ಎಂದವರ ದನಿ ಸಣ್ಣಗಾಗಿತ್ತು. ನಾನು ಅವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟೆ. ಕುಡಿದರು. ಪಕ್ಕದಲ್ಲಿ ನೆರಳೂ ಕುಡಿಯಿತು.

ಆಮೇಲೆ ಅವರು ಪಟ್ಟ ಪಾಡು ಒಂದೆರಡಲ್ಲ. ಮೊದಲು ತಮ್ಮ ಜೇಬಿನಿಂದಲೇ ನನಗೆ ಅರವತ್ಮೂರು ರೂಪಾಯಿ ಕೈಗಡ ಕೊಡುತ್ತೇನೆಂದರು. "ಆಗಲೂ ಸಾಲ ತಮ್ಮದೇ ಆಗುತ್ತದೆ ಸ್ವಾಮಿ" ಎಂದೆ. ಸಾಲವಲ್ಲದೆ ಸುಮ್ಮನೆ ಕೊಟ್ಟುಬಿಡಬಹುದಿತ್ತು, ಆದರೆ ಸರ್ಕಾರಿ ನಷ್ಟವನ್ನು ಅಧಿಕಾರಿ ಕೈಯಿಂದ ತುಂಬಬಾರದೆಂದು ಅವರೇ ಬರೆದ ನಿಯಮವೊಂದಿತ್ತು. ಕೊನೆಗೆ ಸಾಲ ವಸೂಲಿ ಮಾಡುವ ಹೊಣೆಯನ್ನು ಕಿಲ್ಲೇದಾರರ ಹೆಸರಿಗೆ ವರ್ಗಮಾಡಲು ಕಾಗದ ತಯಾರಿಸಿದರು. ಸಹಿ ಹಾಕಿದರೆ ತಮ್ಮ ನೆರಳು ಹೋಗುತ್ತದೆಂದು ತಿಳಿದ ರುದ್ರಗೌಡರು ಕುಂಟು ಕುದುರೆಯನ್ನೇ ಹತ್ತಿ ಹೊಳೆಯಾಚೆ ಗಸ್ತಿಗೆ ಹೊರಟುಹೋದರು. ಮೂರು ದಿನ ಮರಳಲಿಲ್ಲ. ಹೋಗುವ ಮುಂಚೆ ನನಗೆ ಹೇಳಿ ಕಳಿಸಿದ್ದು ಒಂದೇ ಮಾತು, "ಬೂಟಿನ ಕೆಲಸ ನೋಡು."

ಬೂಟಿನ ಕೆಲಸ ನೋಡಲು ರಾಯರನ್ನೇ ತಾಯವ್ವನ ಅಂಗಡಿಗೆ ಕರೆದೊಯ್ದೆ. ಈಗ ಆಕೆಯ ನೆರಳು ಅಂಗಡಿಯ ಕಟ್ಟೆ ಇಳಿದು ಅರ್ಧ ಬೀದಿಗೆ ಚಾಚಿತ್ತು. ದಾರಿಹೋಕರು ಅದನ್ನು ತುಳಿಯದಂತೆ ಸುತ್ತಿಕೊಂಡು ಹೋಗುತ್ತಿದ್ದರು. ರಾಯರು ಬಿಸಿಲಿನಲ್ಲಿ ನಿಂತರು. ತಾಯವ್ವ ಅವರ ಕಾಲ ಬುಡ ನೋಡಿ, ಕೂತುಕೊಳ್ಳಲು ಮಣೆ ಸರಿಸಿದಳು.

"ಇನ್ನೂರು ಜೊತೆ ಬೇಕಮ್ಮ" ಎಂದರು ರಾಯರು. "ಒಪ್ಪಿಸಿದ ಮೇಲೆ ರಸೀದಿ, ರಸೀದಿ ತನಿಖೆಯಾದ ಮೇಲೆ…"

"ಸಾಹೇಬ್ರ, ನನ್ನ ನೆರಳು ಬಂದು ನಾಕ ದಿನ ಆತು. ನಿನ್ನೆ ಇಳಿಹೊತ್ತಿನಾಗ ಅದನ್ನ ನೋಡಕೋತ ಬೀದಿ ತುದಿಮಟಾ ಹೋಗಿ ಬಂದೆ, ಹುಚ್ಚೀ ಹಂಗ. ಮತ್ತ ಅದನ್ನ ಕೋಟಿಗೆ ಕಳಸು ಅಂತೀರೇನು? ನೀವ ಹೇಳ್ರಿ. ಈಗ ನಿಮಗೂ ಗೊತ್ತೈತಿ."

ರಾಯರು ತಮ್ಮ ಕಾಲ ಬುಡ ನೋಡಿಕೊಂಡರು. ಆಮೇಲೆ ಒಳಜೇಬಿನಿಂದ ಸರ್ಕಾರದ ಹಣದ ಚೀಲ ತೆಗೆದು, "ಮುಂಗಡ ಕೊಡಲು ನಿಯಮದಲ್ಲಿ ಅವಕಾಶವಿಲ್ಲ" ಎನ್ನುತ್ತಾ ನೂರೈವತ್ತು ರೂಪಾಯಿ ಎಣಿಸಿ ಆಕೆಯ ಮುಂದಿಟ್ಟರು. "ಅವಕಾಶವೇ ಇಲ್ಲ. ಉಳಿದ ನೂರೈವತ್ತು, ಬೂಟು ಕೈಗೆ ಬಂದ ಗಳಿಗೆಗೆ."

ತಾಯವ್ವ ಹಣ ತೆಗೆದುಕೊಂಡಳು. ಹಾಗೆಯೇ ಒಂದು ಹಳೆ ಬೂಟನ್ನು ಕೈಯಲ್ಲಿ ಹಿಡಿದು ಅಟ್ಟೆ ತಿರುವಿ ನೋಡುತ್ತಾ ಕೇಳಿದಳು, "ಆ ನಲವತ್ತೆರಡು ಮಂದಿ ಊರು ಮುಟ್ಟಿದ್ರೇನ್ರಿ?"

"ಮುಟ್ಟಿದರಂತೆ" ಎಂದೆ. "ಒಬ್ಬ ಕಾಗದ ಬರೆಸಿ ಹಾಕಿದ್ದ."

"ಹಂಗಾರ ನನ್ನ ಹೊಲಿಗಿ ಗಟ್ಟಿ ಐತಿ." ಆಕೆ ರಾಯರ ಕಡೆಗೆ ತಿರುಗಿದಳು. "ಎಂಟು ದಿನದ ಹಾದಿ ನಡದು ಮನಿ ಮುಟ್ಟಿದ ಬೂಟನ್ನ ನಷ್ಟ ಅಂತ ಯಾಕ ಬರದೀರಿ? ನಮ್ಮೂರಾಗ ಬಾಯಿಲೆ ಸಾಲ ಕೊಟ್ಟಾಂವ ಬಾಯಿಲೆ ಬಿಟ್ಟೆ ಅಂದ್ರ ಸಾಕು, ನೆರಳು ಎದ್ದು ಬರತೈತಿ. ನೀವು ಬರದ ಕೊಟ್ಟೀರಿ, ಬರದ ಬಿಡಬೇಕಾಕ್ಕೈತಿ."

"ಮೂವತ್ತು ವರ್ಷದಲ್ಲಿ ನಾನು…"

"ಒಂದು ಗುಂಡಿ ಬಿಟ್ಟಿಲ್ಲ. ಕೇಳೀನ್ರಿ. ಊರೆಲ್ಲ ಕೇಳೈತಿ."

ಅಂದು ರಾಯರು ಊಟ ಮಾಡಲಿಲ್ಲ. ಅದು ಅವರ ನೆರಳಿನಿಂದಲೇ ನನಗೆ ತಿಳಿಯಿತು. ಹಂಡೆಯ ಪಕ್ಕದಲ್ಲಿ ಗಲ್ಲಕ್ಕೆ ಕೈಯಿಟ್ಟು ಕೂತೇ ಇತ್ತು. ಮರುದಿನ ಬೆಳಿಗ್ಗೆ ಉಗ್ರಾಣಕ್ಕೆ ಬಂದು ಬೂಟಿನ ದಫ್ತರು ಕೇಳಿದರು. ರೂಲುದೊಣ್ಣೆ ಹಿಡಿದು, ಶತ್ರು ಒಯ್ದವು ಎಂಬುದರ ಪಕ್ಕದಲ್ಲಿ ಇದ್ದ ಅಂಚಿನ ಜಾಗದಲ್ಲಿ ನೇರವಾಗಿ ಒಂದು ಗೆರೆ ಎಳೆದರು. ಮೇಲೆ ತಮ್ಮ ಮುತ್ತಿನಂಥ ಅಕ್ಷರದಲ್ಲಿ "ಮನೆಗೆ ನಡೆದು ಹೋದವು" ಎಂದು ತಲೆಬರಹ ಕೊಟ್ಟು, ಕೆಳಗೆ "ನಲವತ್ತೆರಡು" ಎಂದು ಬರೆದರು. ನನ್ನ ಕಾಗದದ ಮೇಲೆ ಅಡ್ಡಗೆರೆ ಎಳೆದು ಸಹಿ ಹಾಕಿದರು. ಸಹಿಯ ಮಸಿ ಒಣಗುವ ಮೊದಲೇ ಏನೋ ಕಪ್ಪಗೆ, ಸರಸರನೆ, ಬಾಗಿಲಿಂದ ಬಂದು ಅವರ ಕಾಲ ಬುಡದಲ್ಲಿ ನಿಂತಿತು. ರಾಯರು ಕುರ್ಚಿಯ ಹಿಡಿಕೆ ಬಿಗಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದರು.

"ಮದುವೆಗೆ ನೀವೂ ಬರಬೇಕು ಫಕೀರಪ್ಪನವರೇ" ಎಂದರು ಕಣ್ಣು ತೆರೆಯದೆಯೇ. ಅದುವರೆಗೆ ಅವರು ನನ್ನನ್ನು ಹೆಸರು ಹಿಡಿದು ಕರೆದಿರಲಿಲ್ಲ.

ಮುಂಗಡ ಕೊಟ್ಟ ದಿನದಿಂದ ಎರಡು ವಾರ ತುಂಬಲು ಒಂದು ದಿನ ಮುಂಚೆಯೇ ಬೂಟುಗಳು ಸಿದ್ಧವಾದವು. ತಾಯವ್ವ ಓಣಿಯ ಹೆಂಗಸರನ್ನೆಲ್ಲ ಕೂಡಿಸಿಕೊಂಡು ಹೊಲಿದಿದ್ದಳು. ರಾಯರು ಅಲ್ಲಿಯ ತನಕ ಕಾದು, ಕೈಯಾರೆ ಉಳಿದ ಹಣ ಕೊಟ್ಟು, ಆಮೇಲೆ ಗಾಡಿ ಹತ್ತಿದರು. ಗಸ್ತಿನಿಂದ ಮರಳಿದ್ದ ರುದ್ರಗೌಡರು ತುಕಡಿಯ ಮುಂದೆ ನಿಂತು ದೊಡ್ಡ ದನಿಯಲ್ಲಿ ಹೊರಡಿಸಿದರು. ಇನ್ನೂರು ಜನರ ಹೊಸ ಅಟ್ಟೆಯ ಸದ್ದು ಊರಾಚೆಯ ದಿಬ್ಬದ ತನಕ ಕೇಳಿಸಿತು. ಹತ್ತು ದಿನದ ಮೇಲೆ ಕಣಿವೆಯ ಕಾವಲಿನವರು ಇಳಿದು ಬಂದರು, ಕೆಲವರು ಡೋಲಿಯಲ್ಲಿ, ಹೆಚ್ಚಿನವರು ಕೋಲೂರಿಕೊಂಡು. ಗೌಡರು ಕೋಟೆಯ ಬಾಗಿಲಲ್ಲಿ ನಿಂತು ತಾವೇ ಎಣಿಸಿದರು. ನೂರ ಎಂಬತ್ತು ತುಂಬಿದಾಗ ಮೀಸೆ ತಿರುವಲು ಹೋಗಿ ಕಣ್ಣು ಒರೆಸಿಕೊಂಡರು. ಆ ದಿನದ ರೊಟ್ಟಿಗೆ ಮೌಲಾಸಾಬರ ಅತ್ತೆ ತಾವಾಗಿಯೇ ನೆರಳು ಕೊಟ್ಟರು.

ಉಗ್ರಾಣದೊಳಗೆ ಈಗ ಬಿಸಿಲು ಬೀಳುತ್ತಿತ್ತು. ಎಲ್ಲ ಕಾಣುತ್ತಿತ್ತು, ಎಂಟು ನೂರು ಲಾಳಗಳೂ ಸೇರಿ. ನನಗೆ ಮಾತ್ರ ಹೊತ್ತು ತಿಳಿಯದಂತಾಯಿತು. ಬುತ್ತಿ ಬಿಚ್ಚಲು ಮರೆತು ಸಂಜೆ ಹಳಸಿದ್ದನ್ನು ಬೆಕ್ಕಿಗೆ ಹಾಕುತ್ತಿದ್ದೆ. ಕಿಟಕಿಯ ಕೆಳಗಿನ ಖಾಲಿ ನೆಲದ ಮೇಲೆ ಕಾಲಿಡಲು ಆಗದೆ ಸುತ್ತಿಕೊಂಡು ಹೋಗುತ್ತಿದ್ದೆ. ಒಂದು ಶನಿವಾರ ಆ ಬೀದಿಗೆ ಹೋಗಿ ನನ್ನ ಕಾಲಿಗೊಂದು ಜೊತೆ ಬೂಟು ಕೊಂಡೆ. ಬೆಲೆ ಒಂದು ರೂಪಾಯಿ ಒಂಬತ್ತಾಣೆ. ಎಣಿಸಿ ಕೊಟ್ಟು ಬಂದೆ. ಒಂದೂವರೆ ರೂಪಾಯಿ ಕೊಟ್ಟೆನೆಂದು ಮನೆಗೆ ಬಂದ ಮೇಲೆ ತಿಳಿಯಿತು. ಒಂದಾಣೆ ಮರೆತೆ ಎಂದರೆ ನರಹರಿರಾಯರು ನಂಬಿಯಾರು, ನೀವು ನಂಬುವುದಿಲ್ಲ. ನಂಬದಿದ್ದರೂ ಬೇಡ.

ಭಾನುವಾರ ಬೆಳಿಗ್ಗೆ ಹಂಡೆಯ ಪಕ್ಕದಲ್ಲಿ ತಾಯವ್ವನ ನೆರಳು ತಲೆ ಬಾಚಿಕೊಳ್ಳುತ್ತಿತ್ತು. ನಡುವೆ ಕೈ ನಿಲ್ಲಿಸಿ, ಬಗ್ಗಿ, ತನ್ನ ಕಾಲ ಬುಡ ನೋಡಿಕೊಂಡಿತು. ಥಟ್ಟನೆ ಎದ್ದಿತು. ಸೆರಗು ಸೊಂಟಕ್ಕೆ ಸಿಕ್ಕಿಸಿತು. ನಿಂತಲ್ಲೇ ಬಿರಬಿರನೆ ನಡೆಯತೊಡಗಿತು. ನಾನು ಎರಡು ಸಲ ಮುಖ ತೊಳೆದೆ.

"ಉಗ್ರಾಣದವ್ರ, ಇದೇನ್ರಿ ಇದು?" ಆಕೆ ಬಾಗಿಲಲ್ಲೇ ನಿಂತು ಕೇಳಿದಳು. "ಸರ್ಕಾರ ಸೈತ ಇಷ್ಟು ಸಣ್ಣ ಉದ್ರಿ ಮಾಡಿರಲಿಲ್ಲ. ಒಂದಾಣೆ!"

"ತಪ್ಪಾತ್ರಿ ತಾಯವ್ವಾರ. ಈಗ ಕೊಡ್ತೀನಿ."

ಆಕೆ ಒಳಗೆ ಬಂದಳು. ತನ್ನ ನೆರಳನ್ನು ನೋಡಿದಳು. ಒಬ್ಬಂಟಿಯ ಒಲೆ, ಸುಟ್ಟ ರೊಟ್ಟಿ, ಗೂಟಕ್ಕೆ ಹಾಕಿದ ಒಂದೇ ಅಂಗಿ, ಎಲ್ಲವನ್ನೂ ನೋಡಿದಳು. "ಒಂಬತ್ತು ತಿಂಗಳು ನಿಮ್ಮ ಮಗ್ಗಲದಾಗ ಇತ್ತಂತ. ಏನೇನು ನೋಡೀರಿ?"

"ಉಳ್ಳಾಗಡ್ಡಿ ಹೆಚ್ಚಿದ್ದು ನೋಡೀನಿ. ಅರ್ಧ ರೊಟ್ಟಿ ತೆಗೆದಿಟ್ಟಿದ್ದು ನೋಡೀನಿ."

ಆಕೆ ಬಗ್ಗಿ ಒಲೆಯ ಮೇಲಿನ ಸುಟ್ಟ ರೊಟ್ಟಿ ತೆಗೆದು ಪಕ್ಕಕ್ಕಿಟ್ಟಳು. ನಾನು ಡಬ್ಬಿಯಿಂದ ಒಂದು ರೂಪಾಯಿಯ ನಾಣ್ಯ ತೆಗೆದು ಮುಂದೆ ಹಿಡಿದೆ. ಕೈಯಲ್ಲಿ ಅದೊಂದೇ ಇತ್ತು, ಇದು ಮಾತ್ರ ನಿಜ.

ಆಕೆ ನಾಣ್ಯ ನೋಡಿದಳು, ನನ್ನ ಮುಖ ನೋಡಿದಳು. "ನನ್ನ ಹಂತ್ಯಾಕ ಚಿಲ್ಲರ ಇಲ್ರಿ" ಎಂದಳು. "ಇರ್ಲಿ ಬಿಡ್ರಿ. ನಾಳೆ ಬರ್ತೀನಿ."

ಹೇಳಿ ಮೆಟ್ಟಿಲಿಳಿದು ಹೋದಳು. ಬಿಸಿಲಿನಲ್ಲಿ ನೆರಳಿಲ್ಲದೆ, ಅವಸರವಿಲ್ಲದೆ ನಡೆಯುತ್ತಿದ್ದಳು. ಸೊಂಟಕ್ಕೆ ಸಿಕ್ಕಿಸಿದ ಸಂಚಿಯಲ್ಲಿ ಚಿಲ್ಲರೆ ಹೆಜ್ಜೆ ಹೆಜ್ಜೆಗೂ ಗಲಗಲ ಎನ್ನುತ್ತಿತ್ತು.